ಕಲ್ಲಚ್ಚಿನ ಮೊಗ್ಲಿಂಗ್

1843ನೆಯ ಇಸವಿ ಜುಲೈ 1ರಂದು ಮಂಗಳೂರಿನಿಂದ ಕನ್ನಡದ ಮೊತ್ತಮೊದಲ ವೃತ್ತಪತ್ರಿಕೆ ಹೊರಟಿತೆಂಬುದನ್ನು ಇಂದು ಶಾಲೆಯ ಮಕ್ಕಳೂ ಬಲ್ಲರು. ಪತ್ರಿಕೆಯ ಹೆಸರು ‘ಮಂಗಳೂರ ಸಮಾಚಾರ’. ಹೊರಡಿಸಿದವರು ಬಾಸೆಲ್ ಮಿಶನ್ನಿನ ಪಾದ್ರಿ ಹರ್ಮನ್ ಮೊಗ್ಲಿಂಗ್. ವರ್ಷಕ್ಕೊಮ್ಮೆ ಆ ದಿನ ಬಂದಾಗ ಊರೂರುಗಳಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ, ಅವರ ಹೆಸರನ್ನು ನೆನೆಯಲಾಗುತ್ತದೆ. ಪತ್ರಿಕೆಯಲ್ಲಿ ಏನೇನಿತ್ತು ಎಂಬ ವಿಷಯವಾಗಿ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಅದರ ಪುಟ ಹೇಗೆ ಸಿದ್ಧವಾಯಿತು, ಅಕ್ಷರದ ಗಾತ್ರ, ಅಂಚಿನ ಅಗಲ, ಸಾಲಿಗೂ ಸಾಲಿಗೂ ನಡುವಿನ ತೆರಪು ಇವುಗಳನ್ನು ಗೊತ್ತುಮಾಡಲು ಆಗ ಯಾವ ಸಾಧನವಿತ್ತು ಎಂಬ ಪ್ರಶ್ನೆ ನಮ್ಮಲ್ಲಿ ಅಷ್ಟಾಗಿ ಏಳುವುದಿಲ್ಲ. ಓದುವವನ ಕಣ್ಣಿಗೆ ಮೊದಲು ಬೀಳುವುದು ಪುಟ, ಮಾತು ಆಮೇಲಿನದು. ಮೊಗ್ಲಿಂಗರ ಬಾಳಿನಲ್ಲಿ ಈ ಪುಟದ ಕಥೆಯೇ ಒಂದು ದೊಡ್ಡ ಅಧ್ಯಾಯವಾಗಿದೆ.

ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಸಣ್ಣ ಊರಿನಲ್ಲಿ 1811ನೆಯ ಇಸವಿ ಮೇ 29ರಂದು ಮೊಗ್ಲಿಂಗರ ಜನನವಾಯಿತು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ಅವರು ಧರ್ಮಶಾಸ್ತ್ರವನ್ನು ಅಭ್ಯಾಸ ಮಾಡಿದರು. ಸ್ವದೇಶದಲ್ಲಿಯೇ ಒಂದು ಇಗರ್ಜಿಯ ಗುರುವಾಗಿ ನಿಶ್ಚಿಂತೆಯಿಂದ ದಿನ ಕಳೆಯಬಹುದಾಗಿದ್ದ ಅವರು ಬಾಸೆಲ್ ಮಿಶನ್ನನ್ನು ಸೇರಿ ಹಡಗು ಹತ್ತಿದರು. ಆ ಮಿಶನ್ನಿನ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮೊಗ್ಲಿಂಗರು ಬಂದದ್ದು 1836ರ ಕೊನೆಯಲ್ಲಿ. ಮಲಯಾಳದ ಮಹಾನಿಘಂಟನ್ನು ಮುಂದೆ ರಚಿಸಿದ ಹರ್ಮನ್ ಗುಂಡರ್ಟರೂ ಅದೇ ವರ್ಷ ಭಾರತಕ್ಕೆ ಬಂದವರು. ಇಬ್ಬರೂ ಸ್ನೇಹಿತರು, ಇಬ್ಬರೂ ಟ್ಯೂಬಿಂಗನ್ನಿನಲ್ಲಿ ಕಲಿತವರು. ಒಬ್ಬರು ಕನ್ನಡಕ್ಕೆ ಸಂದರು, ಇನ್ನೊಬ್ಬರು ಮಲಯಾಳಕ್ಕೆ.

ಅವರು ಬಂದದ್ದು ಮತಪ್ರಚಾರಕ್ಕೆ. ಅದನ್ನು ಮರೆಮಾಚಿ ಬರೆಯುವುದು ಅವರಿಗೂ ನ್ಯಾಯವಲ್ಲ, ನಮಗೂ ನ್ಯಾಯವಲ್ಲ. ಆದರೆ ಜನರ ಮನಸ್ಸನ್ನು ಮುಟ್ಟಬೇಕಾದರೆ ಅವರ ಭಾಷೆಯಲ್ಲಿ ಮುಳುಗಬೇಕೆಂಬುದನ್ನು ಅವರಷ್ಟು ಬೇಗನೆ ಅರಿತವರು ಕಡಮೆ. ಕನ್ನಡವನ್ನು ಕಲಿತರು, ಶಾಲೆ ನಡೆಸಿದರು, ತಮ್ಮ ವಿದ್ಯಾರ್ಥಿಗಳೊಡನೆ ಒಂದೇ ಮನೆಯಲ್ಲಿ ಬಾಳಿದರು. ಮಂಗಳೂರಿನ ಬಲ್ಮಠದ ಗುಡ್ಡದ ಮೇಲಿನ ವಿದ್ಯಾಲಯದೊಡನೆ ಅವರ ಹೆಸರು ಇಂದಿಗೂ ಬೆರೆತುಕೊಂಡಿದೆ.

ಆಗಿನ ಕನ್ನಡ ಜಿಲ್ಲೆಯ ವಿಸ್ತಾರವನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಬೇಕು. ಇಂದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನಮಗೆ ಮಂಗಳೂರು ದೂರದ ಊರು. ಅಂದು ಹಾಗಿರಲಿಲ್ಲ. ಕರಾವಳಿಯ ಉದ್ದಕ್ಕೂ ಹಬ್ಬಿದ್ದ ಕೆನರಾ ಜಿಲ್ಲೆ ಒಂದೇ ಆಗಿತ್ತು, ಘಟ್ಟದ ಮೇಲಿನ ನಮ್ಮ ಸೀಮೆಯೂ ಅದರೊಳಗೇ ಇತ್ತು, ಮಂಗಳೂರೇ ಅದರ ಮುಖ್ಯ ಪಟ್ಟಣ. ಉತ್ತರದ ಭಾಗ ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದ್ದು 1862ರಲ್ಲಿ. ಆದುದರಿಂದ ಮಂಗಳೂರಿನ ಸಮಾಚಾರವೆಂದರೆ ನಮ್ಮ ಹಿರಿಯರಿಗೆ ಪರಊರಿನ ಸಮಾಚಾರವಲ್ಲ, ತಮ್ಮ ಕಲೆಕ್ಟರರ ಕಚೇರಿ ಇದ್ದ ಊರಿನ ಸಮಾಚಾರ. ಮೊಗ್ಲಿಂಗರ ಪತ್ರಿಕೆ ತಲುಪಿದ ಊರುಗಳನ್ನು ಎಣಿಸುವಾಗ ಮೈಸೂರು, ಬಳ್ಳಾರಿ, ತುಮಕೂರು, ಶಿವಮೊಗ್ಗ, ಹುಬ್ಬಳ್ಳಿಗಳ ಜತೆಗೆ ಹೊನ್ನಾವರದ ಹೆಸರೂ ಶಿರಸಿಯ ಹೆಸರೂ ಬರುತ್ತವೆ.

ಅದಕ್ಕೆ ಮೊದಲು ಈ ಸೀಮೆಯಲ್ಲಿ ಬರಹವೆಂದರೆ ತಾಳೆಗರಿ ಮತ್ತು ಕಡತ. ಸೋದೆಯ ಮಠಗಳಲ್ಲಿ, ಅಡಕೆ ತೋಟದ ಮನೆಗಳ ಅಟ್ಟದಲ್ಲಿ, ಮರದ ಪೆಟ್ಟಿಗೆಗಳೊಳಗೆ ಅವು ಕುಳಿತಿದ್ದವು. ಗರಿಯ ಮೇಲೆ ಬರೆಯುವವನೂ ಬರೆಯುವುದಕ್ಕೆ ಮುಂಚೆ ಪುಟವನ್ನು ಅಣಿಗೊಳಿಸಿಕೊಳ್ಳುತ್ತಿದ್ದನೆಂಬುದನ್ನು ನಾವು ಗಮನಿಸಬೇಕು. ಗರಿಯ ಉದ್ದಗಲವನ್ನು ಮರ ಕೊಡುತ್ತಿತ್ತು. ಎಷ್ಟು ಸಾಲು ಹಿಡಿಯುತ್ತದೆಂಬುದನ್ನು ಕಂಟದ ಮೊನೆ ಹೇಳುತ್ತಿತ್ತು. ದಾರ ಪೋಣಿಸುವ ತೂತಿನ ಸುತ್ತ ಒಂದು ಚೌಕದಷ್ಟು ಜಾಗವನ್ನು ಖಾಲಿ ಬಿಡಬೇಕಾಗುತ್ತಿತ್ತು. ಆ ಖಾಲಿ ಜಾಗ ಅಲಂಕಾರಕ್ಕಲ್ಲ. ದಾರ ಉಜ್ಜಿ ಅಕ್ಷರ ಸವೆಯಬಾರದೆಂಬ ಎಚ್ಚರಕ್ಕೆ. ಇಂದಿನ ಗಣಕಯಂತ್ರದ ವಿನ್ಯಾಸಕಾರರು ಪುಸ್ತಕದ ಬೆನ್ನಿನ ಕಡೆಗೆ ಒಳ ಅಂಚನ್ನು ಹೆಚ್ಚು ಬಿಡುವುದು ಇದೇ ಕಾರಣಕ್ಕೆ. ಹೊಲಿಗೆಯೊಳಗೆ ಮಾತು ಹೂತುಹೋಗಬಾರದು.

ಮೊಗ್ಲಿಂಗರ ಎದುರಿಗೆ ಬಂದ ತೊಡಕು ಇದಕ್ಕಿಂತ ದೊಡ್ಡದು. ಕನ್ನಡಕ್ಕೆ ಅಚ್ಚಿನ ಮೊಳೆಗಳು ಅದಾಗಲೇ ಇಲ್ಲದಿರಲಿಲ್ಲ. ಶ್ರೀರಾಮಪುರದಿಂದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿಯೇ ಪ್ರಕಟವಾಗಿತ್ತು. ಮದ್ರಾಸಿನಲ್ಲಿ ರೀವ್ ಎಂಬವರ ನಿಘಂಟು ಅಚ್ಚಾಗಿತ್ತು. ಬಳ್ಳಾರಿಯ ಲಂಡನ್ ಮಿಶನ್ನಿನವರಲ್ಲಿಯೂ ಮೊಳೆಗಳಿದ್ದವು. ಮಂಗಳೂರಿನಲ್ಲಿ ಮಾತ್ರ ಇರಲಿಲ್ಲ. ರೋಮನ್ ಲಿಪಿಯ ಮುದ್ರಕನಿಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕೆ, ಚಿಹ್ನೆ ಎಲ್ಲ ಸೇರಿ ನೂರರ ಆಸುಪಾಸಿನ ಮೊಳೆಗಳಿದ್ದರೆ ಕೆಲಸ ಸಾಗುತ್ತದೆ. ಕನ್ನಡಕ್ಕಾದರೋ ಕಾಗುಣಿತವೊಂದು, ಒತ್ತಕ್ಷರಗಳು ಇನ್ನೊಂದು. ಮೊಳೆಗಳ ಸಂಖ್ಯೆ ಅದರ ಹಲವು ಪಾಲು. ಅವನ್ನು ಕೆತ್ತಿಸಿ, ಎರಕ ಹೊಯ್ಯಿಸಿ, ಗೂಡುಗಳಲ್ಲಿ ಜೋಡಿಸಿಡಲು ವರ್ಷಗಳು ಬೇಕು, ಹಣ ಬೇಕು, ಕುಶಲಿಗಳು ಬೇಕು.

ಆಗ ಮಿಶನ್ನಿನವರು ಕಂಡುಕೊಂಡ ದಾರಿ ಕಲ್ಲಚ್ಚು. 1841ರಲ್ಲಿ ಮುಂಬಯಿಯಿಂದ ಕಲ್ಲಚ್ಚಿನ ಯಂತ್ರ ಬಂದಿತು, ಅದನ್ನು ನಡೆಸಬಲ್ಲ ಮರಾಠಿ ಕೆಲಸಗಾರರು ಬಂದರು. ಅದನ್ನು ತಂದ ವೈಗ್ಲೆಯವರು ಮೊಗ್ಲಿಂಗರ ಆಪ್ತ ಜತೆಗಾರರು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದ ಹುಟ್ಟು ಇಲ್ಲಿಂದ.

ಕಲ್ಲಚ್ಚಿನ ಮರ್ಮ ಬಹು ಸರಳವಾದದ್ದು, ಆದರೆ ಬಹು ಕಠಿನವಾದದ್ದು. 1790ರ ದಶಕದ ಕೊನೆಗೆ ಬವೇರಿಯದ ಅಲೋಯ್ಸ್ ಸೆನೆಫೆಲ್ಡರ್ ಎಂಬಾತ ಇದನ್ನು ಕಂಡುಹಿಡಿದ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲವೆಂಬ, ನಮ್ಮ ಅಡಿಗೆಮನೆಯ ಹೆಂಗಸರಿಗೆಲ್ಲ ತಿಳಿದ ಸಂಗತಿಯೇ ಅದರ ತಳಹದಿ. ನುಣುಪಾದ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಮಸಿಯಿಂದ ಬರೆಯಬೇಕು. ಅಂಟುನೀರನ್ನೂ ತೆಳ್ಳಗಿನ ಆಮ್ಲವನ್ನೂ ಸವರಿ ಬರಹವನ್ನು ಕಲ್ಲಿನಲ್ಲಿ ನೆಲೆಗೊಳಿಸಬೇಕು. ಆಮೇಲೆ ಕಲ್ಲನ್ನು ನೀರಿನಿಂದ ಒದ್ದೆಮಾಡಿ ಮಸಿಯ ಉರುಳೆಯನ್ನು ಹಾಯಿಸಬೇಕು. ಒದ್ದೆಯಾದ ಜಾಗ ಮಸಿಯನ್ನು ಒಲ್ಲೆನೆನ್ನುತ್ತದೆ, ಜಿಡ್ಡಿನ ಅಕ್ಷರ ಹಿಡಿದುಕೊಳ್ಳುತ್ತದೆ. ಕಾಗದವನ್ನು ಹಾಸಿ ಒತ್ತಿದರೆ ಒಂದು ಪ್ರತಿ. ಮುಂದಿನ ಪ್ರತಿಗೆ ಮತ್ತೆ ನೀರು, ಮತ್ತೆ ಮಸಿ, ಮತ್ತೆ ಒತ್ತು.

ಇಲ್ಲಿ ಮೊಳೆ ಜೋಡಿಸುವ ಮಾತಿಲ್ಲ. ಕೈ ಬರೆದದ್ದೇ ಅಚ್ಚು. ಆದರೆ ಬರೆಯುವುದೂ ಸುಲಭವಲ್ಲ. ಕಲ್ಲಿನ ಮೇಲೆ ನೇರವಾಗಿ ಬರೆದರೆ ಕಾಗದದಲ್ಲಿ ಎಲ್ಲವೂ ಕನ್ನಡಿಯೊಳಗಿನ ಬಿಂಬದಂತೆ ತಿರುಗಿ ಮೂಡುತ್ತದೆ. ಆದುದರಿಂದ ಒಂದೋ ಅಕ್ಷರಗಳನ್ನೆಲ್ಲ ಎಡಬಲ ಮಾಡಿ ಬರೆಯುವ ಅಭ್ಯಾಸ ಬೇಕು, ಇಲ್ಲವೆ ಅಂಟು ಸವರಿದ ಕಾಗದದ ಮೇಲೆ ನೇರವಾಗಿ ಬರೆದು ಅದನ್ನು ಕಲ್ಲಿಗೆ ಇಳಿಸಬೇಕು. ಹೇಗೆ ಮಾಡಿದರೂ ಒಂದು ಕಟ್ಟಳೆಯಿಂದ ತಪ್ಪಿಸಿಕೊಳ್ಳುವಂತಿಲ್ಲ: ಬರೆಯುವ ಮೊದಲೇ ಪುಟದ ಅಳತೆಯೆಲ್ಲ ನಿಶ್ಚಯವಾಗಿರಬೇಕು. ಕಲ್ಲಿನ ಅಗಲವೆಷ್ಟೋ ಪುಟದ ಅಗಲ ಅದರೊಳಗೆ. ಮೊಳೆಯ ಅಚ್ಚಿನಲ್ಲಿ ಒಂದು ಮಾತು ಬಿಟ್ಟುಹೋದರೆ ಸಾಲನ್ನು ಸಡಿಲಿಸಿ ಸೇರಿಸಬಹುದು. ಕಲ್ಲಿನ ಮೇಲೆ ಬಿಟ್ಟುಹೋದರೆ ಕೆರೆದು ತಿದ್ದಬೇಕು, ಕೆರೆದ ಜಾಗ ಮೊದಲಿನ ನಯವನ್ನು ಮತ್ತೆ ಪಡೆಯುವುದು ಕಷ್ಟ. ನಾಲ್ಕು ಪುಟದ ಹಾಳೆಯಾದರೆ ಇನ್ನೊಂದು ಲೆಕ್ಕ. ಮಡಿಚಿದಾಗ ಸರಿಯಾದ ಅನುಕ್ರಮ ಬರಬೇಕಾದರೆ ಹಾಳೆಯ ಒಂದು ಮಗ್ಗುಲಿಗೆ ಒಂದನೆಯ ಪುಟವೂ ನಾಲ್ಕನೆಯ ಪುಟವೂ, ಇನ್ನೊಂದು ಮಗ್ಗುಲಿಗೆ ಎರಡೂ ಮೂರೂ ಬರಬೇಕು. ಬರೆಯುವವನ ತಲೆಯಲ್ಲಿ ಈ ಮಡಿಕೆ ಮೊದಲೇ ಕುಳಿತಿರಬೇಕು.

‘ಮಂಗಳೂರ ಸಮಾಚಾರ’ ಇಂತಹ ಕಲ್ಲಿನಿಂದ ಎದ್ದ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರಿನ ವರ್ತಮಾನ, ಕಂಪನಿ ಸರಕಾರದ ನಿರೂಪಗಳು, ಹೊರರಾಜ್ಯಗಳ ಸುದ್ದಿ, ನೀತಿಯ ಮಾತು, ಕಥೆ ಇವು ಅದರ ವಿಭಾಗಗಳು. ಇಷ್ಟನ್ನು ನಾಲ್ಕು ಪುಟಗಳಲ್ಲಿ ಹಿಡಿಸುವುದೆಂದರೆ ಯಾವುದಕ್ಕೆ ಎಷ್ಟು ಜಾಗ, ಯಾವುದು ಮೊದಲು, ಯಾವುದು ಕೊನೆಗೆ ಎಂಬ ವಿವೇಕ ಬೇಕು. ಅದು ಸಂಪಾದಕನ ವಿವೇಕವೂ ಹೌದು, ಪುಟ ಕಟ್ಟುವವನ ವಿವೇಕವೂ ಹೌದು. ಮೊಗ್ಲಿಂಗರಲ್ಲಿ ಇವೆರಡೂ ಬೇರೆಬೇರೆಯಾಗಿರಲಿಲ್ಲ.

ಕಲ್ಲಚ್ಚಿನಲ್ಲಿ ಅಕ್ಷರಕ್ಕೆ ಪುಟ ಒಗ್ಗಿಕೊಳ್ಳುತ್ತದೆ. ಒತ್ತಕ್ಷರ ಕೆಳಗೆ ಇಳಿದಷ್ಟೂ ಬರೆಯುವವನ ಕೈ ಮುಂದಿನ ಸಾಲನ್ನು ಕೂದಲೆಳೆಯಷ್ಟು ಕೆಳಗೆ ಸರಿಸಬಲ್ಲದು; ದೀರ್ಘದ ಕೊಂಬು ಚಾಚಿದರೆ ಪಕ್ಕದ ಅಕ್ಷರ ತುಸು ಸರಿದು ಜಾಗ ಕೊಡುತ್ತದೆ. ಮೊಳೆಯ ಅಚ್ಚಿನಲ್ಲಿ ಇದು ತಿರುಗುಮುರುಗಾಗುತ್ತದೆ. ಸೀಸದ ತುಂಡಿನ ಎತ್ತರ ಒಂದೇ. ಅಕ್ಷರವೇ ಕುಗ್ಗಿ ತಗ್ಗಿ ಅದರೊಳಗೆ ಕೂರಬೇಕು. 1844ರ ಆರಂಭದಲ್ಲಿ ಮೊಗ್ಲಿಂಗರು ತಮ್ಮ ಪತ್ರಿಕೆಯನ್ನು ಮೊಳೆಗಳಿದ್ದ ಬಳ್ಳಾರಿಗೆ ಸಾಗಿಸಿದರು. ಹೆಸರು ‘ಕಂನಡ ಸಮಾಚಾರ’ ಎಂದು ಬದಲಾಯಿತು. ಮಂಗಳೂರಿನ ಹೆಸರು ಹೋಗಿ ಭಾಷೆಯ ಹೆಸರು ಬಂದದ್ದು ದೊಡ್ಡ ಮಾತು. ಹೆಚ್ಚು ಪ್ರತಿ ಬೇಕು, ಬೇಗ ಬೇಕು ಎನ್ನುವವರು ಮೊಳೆಯ ಕಡೆಗೆ ಹೋಗಲೇಬೇಕಾಗಿತ್ತು. ಆದರೂ ಪುಟದ ಚೆಲುವನ್ನಷ್ಟೇ ನೋಡುವುದಾದರೆ, ಒಳ್ಳೆಯ ಲಿಪಿಕಾರನೊಬ್ಬನ ಕಲ್ಲಚ್ಚಿನ ಪುಟದಲ್ಲಿ ಕನ್ನಡ ಅಕ್ಷರಕ್ಕೆ ಇದ್ದ ಆರಾಮ ಆ ಕಾಲದ ಮೊಳೆಯ ಅಚ್ಚಿನಲ್ಲಿ ಇರಲಿಲ್ಲವೆಂದು ನನ್ನ ಅಭಿಪ್ರಾಯ.

ಇದನ್ನು ಹಳೆಯ ಕಾಲದ ಗೋಳೆಂದು ಬದಿಗೆ ಸರಿಸುವಂತಿಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಇಂದು ವಾರ್ಷಿಕ ಸಂಚಿಕೆಯನ್ನು ತಾವೇ ಗಣಕಯಂತ್ರದಲ್ಲಿ ಕಟ್ಟುತ್ತಾರೆ. ಇನ್‌ಡಿಸೈನ್‌ನಂತಹ ತಂತ್ರಾಂಶವನ್ನು ತೆರೆದೊಡನೆ ಅದು ಮೊದಲು ಕೇಳುವುದು ಪುಟದ ಅಳತೆಯನ್ನು, ಎದುರುಬದುರು ಪುಟಗಳು ಬೇಕೋ ಎಂಬುದನ್ನು, ಅಂಚನ್ನು, ಕಾಲಂಗಳ ಸಂಖ್ಯೆಯನ್ನು, ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಉಳಿಯದಂತೆ ಹೊರಗೆ ಚಾಚಬೇಕಾದ ಮೂರು ಮಿಲಿಮೀಟರನ್ನು. ಹುಡುಗರು ಇದಾವುದನ್ನೂ ಓದದೆ ಒಪ್ಪಿಗೆಯ ಗುಂಡಿಯನ್ನು ಒತ್ತಿ ಮುಂದೆ ಹೋಗುತ್ತಾರೆ. ಆ ಯಂತ್ರ ತಾನಾಗಿ ಇಟ್ಟುಕೊಂಡ ಅಳತೆಗಳಾದರೋ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. 12 ಪಾಯಿಂಟಿನ ಅಕ್ಷರಕ್ಕೆ ಅದು ತಾನಾಗಿ ಕೊಡುವ ಸಾಲಿನ ಅಂತರ 14.4 ಪಾಯಿಂಟು. ಇಂಗ್ಲಿಷಿಗೆ ಅದು ಸಾಕು. ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ವೈಶಿಷ್ಟ್ಯ’ ಎಂಬ ಮಾತುಗಳು ಬಂದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ನೆತ್ತಿಯನ್ನು ತಗಲುತ್ತದೆ. ಬರಹವನ್ನು ಜೋಡಿಸುವ ಕ್ರಮವನ್ನು ಭಾರತೀಯ ಲಿಪಿಗಳಿಗೆ ಹೊಂದುವಂತೆ ಆಯ್ದುಕೊಳ್ಳದಿದ್ದರೆ ಒತ್ತಕ್ಷರಗಳು ತಮ್ಮ ತಾಯಕ್ಷರವನ್ನು ಬಿಟ್ಟು ಹಲಂತಗಳಾಗಿ ಒಡೆದು ನಿಲ್ಲುವುದೂ ಉಂಟು. ತಪ್ಪು ಕನ್ನಡದ್ದಲ್ಲ. ಅಕ್ಷರ ಪುಟಕ್ಕೆ ಒಗ್ಗಬೇಕೋ ಪುಟ ಅಕ್ಷರಕ್ಕೆ ಒಗ್ಗಬೇಕೋ ಎಂಬ ಆಯ್ಕೆಯನ್ನು, ಕಲ್ಲಿನ ಮುಂದೆ ಕೂತ ಮೊಗ್ಲಿಂಗರು ಮಾಡಿದಂತೆ, ನಾವೂ ಮಾಡಬೇಕಾಗಿದೆ. ಅವರಿಗೆ ಒಂದೊಂದು ಸಲವೂ ಮಾಡದೆ ಗತ್ಯಂತರವಿರಲಿಲ್ಲ. ನಮಗೆ ಮಾಡದೆ ದಾಟಿಹೋಗುವ ಸೌಲಭ್ಯ ದೊರೆತಿದೆ.

ಮತ್ತೆ ಚರಿತ್ರೆಗೆ ಬರೋಣ. ಪತ್ರಿಕೆ ಕೈಬಿಟ್ಟುಹೋದರೂ ಕಲ್ಲು ಬಿಡಲಿಲ್ಲ. 1848ರಿಂದ 1853ರವರೆಗೆ ಮೊಗ್ಲಿಂಗರು ‘ಬಿಬ್ಲಿಯೋಥಿಕ ಕರ್ನಾಟಿಕ’ ಎಂಬ ಗ್ರಂಥಮಾಲೆಯನ್ನು ಕಲ್ಲಚ್ಚಿನಲ್ಲಿಯೇ ಹೊರತಂದರು. ಇದಕ್ಕೆ ಹಣದ ಬೆಂಬಲ ನೀಡಿದವರು ಕಂಪನಿ ಸರಕಾರದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕಸಮೇಜರ್ ಎಂಬವರು. ಲಕ್ಷ್ಮೀಶನ ಜೈಮಿನಿ ಭಾರತ, ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ, ಹರಿದಾಸರ ಪದಗಳು ಇವೆಲ್ಲ ಗರಿಯಿಂದ ಇಳಿದು ಕಾಗದದ ಮೇಲೆ ಬಂದವು. ವೈಷ್ಣವ ಕಾವ್ಯವೂ ಇತ್ತು, ವೀರಶೈವ ಪುರಾಣವೂ ಇತ್ತು. ಬೇರೆ ದೇವರನ್ನು ಸಾರಲು ಬಂದ ಪಾದ್ರಿಯೊಬ್ಬರು ಇಲ್ಲಿಯ ದೇವರ ಪದಗಳನ್ನು ಹುಡುಕಿ ಸಂಗ್ರಹಿಸಿ ಮುದ್ರಿಸಿದರು. ಈ ನಾಡಿನ ಮನಸ್ಸನ್ನು ಅರಿಯಲು ಅದು ಅಗತ್ಯವೆಂಬ ಲೆಕ್ಕಾಚಾರ ಅದರಲ್ಲಿ ಇದ್ದೀತು. ಆದರೆ ಬರಿಯ ಲೆಕ್ಕಾಚಾರದಿಂದ ಯಾರೂ ಐದು ವರ್ಷ ಪುರಾಣಗಳ ಪಾಠಾಂತರಗಳಲ್ಲಿ ಕಣ್ಣು ಕಳೆದುಕೊಳ್ಳುವುದಿಲ್ಲ.

ಪುಟದ ದೃಷ್ಟಿಯಿಂದ ನೋಡಿದರೆ ಇದು ಪತ್ರಿಕೆಗಿಂತ ಕಠಿನವಾದ ಕೆಲಸ. ತಾಳೆಗರಿಯಲ್ಲಿ ಷಟ್ಪದಿಯನ್ನು ಸಾಲು ಮುರಿಯದೆ ಒಂದೇ ಸಮನೆ ಬರೆದುಕೊಂಡು ಹೋಗುತ್ತಾರೆ; ಹಾಡುವವನ ಕಿವಿಯೇ ಪಾದವನ್ನು ಬಿಡಿಸಿಕೊಳ್ಳುತ್ತದೆ. ಕಾಗದಕ್ಕೆ ಬಂದಾಗ ಪಾದಗಳನ್ನು ಬಿಡಿಸಿ ತೋರಿಸಬೇಕೆನ್ನುವವನಿಗೆ ತೊಡಕು ಎದುರಾಗುತ್ತದೆ. ವಾರ್ಧಕ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ 20 ಮಾತ್ರೆ. ಮೂರು ಮತ್ತು ಆರನೆಯವಕ್ಕೆ 32. ಭಾಮಿನಿಯಲ್ಲಿ 14ಕ್ಕೆ 23. ಉದ್ದದ ಪಾದಕ್ಕೆ ತಕ್ಕಂತೆ ಪುಟದ ಅಗಲವನ್ನು ಇಟ್ಟರೆ ಗಿಡ್ಡ ಪಾದಗಳ ಪಕ್ಕದಲ್ಲಿ ಬಯಲು ಬೀಳುತ್ತದೆ, ಕಾಗದ ವ್ಯರ್ಥವಾಗುತ್ತದೆ. ಗಿಡ್ಡ ಪಾದಕ್ಕೆ ಇಟ್ಟರೆ ಉದ್ದದ ಪಾದ ಮುರಿದು ಕೆಳಗಿಳಿಯುತ್ತದೆ, ಓಟ ಕೆಡುತ್ತದೆ. ಛಂದಸ್ಸನ್ನು ಅರಿಯದವನು ಆ ಪುಟದ ಅಳತೆಯನ್ನು ಗೊತ್ತುಮಾಡಲಾರ. ತರಗತಿಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿಸುವಾಗ ಈ ಮಾತನ್ನು ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು. ಮಾತ್ರೆ ಎಣಿಸುವುದು ಪರೀಕ್ಷೆಗಾಗಿ ಮಾತ್ರವೆಂದುಕೊಂಡವರು ಆಗ ತಲೆಯೆತ್ತಿ ನೋಡುತ್ತಾರೆ.

ಈ ಪುಟಗಳನ್ನು ಬರೆದ ಲಿಪಿಕಾರರು ಯಾರು? ಕೃತಿಗಳ ಮೇಲೆ ಸಂಪಾದಕರ ಹೆಸರು ನಿಂತಿತು, ಕವಿಗಳ ಹೆಸರು ನಿಂತಿತು, ಹಣ ಕೊಟ್ಟವರ ಹೆಸರು ಚರಿತ್ರೆಯಲ್ಲಿ ಉಳಿಯಿತು. ಸಾವಿರಾರು ಪದ್ಯಗಳನ್ನು ಜಿಡ್ಡಿನ ಮಸಿಯಲ್ಲಿ, ಒಂದು ಸಾಲು ಏರದೆ ಒಂದು ಸಾಲು ಇಳಿಯದೆ ಬರೆದ ಕೈಗಳು ಮಾತ್ರ ಅಕ್ಷರವಾಗಿ ಉಳಿದವು, ಹೆಸರಾಗಿ ಉಳಿಯಲಿಲ್ಲ. ಕಲ್ಲೂ ಉಳಿಯುವಂತಹುದಲ್ಲ. ಬೇಕಾದಷ್ಟು ಪ್ರತಿಗಳನ್ನು ತೆಗೆದಾದ ಮೇಲೆ ಕಲ್ಲಚ್ಚಿನವರು ಮರಳು ನೀರು ಹಾಕಿ ಇನ್ನೊಂದು ಕಲ್ಲಿನಿಂದ ಅದನ್ನು ತೇಯುತ್ತಾರೆ. ಬರಹ ಅಳಿದು ಕಲ್ಲು ಮುಂದಿನ ಪುಟಕ್ಕೆ ಸಿದ್ಧವಾಗುತ್ತದೆ.

1851ರ ಸುಮಾರಿಗೆ ಪ್ಲೆಬ್ಸ್ಟ್ ಎಂಬ ಕುಶಲಿ ಬಂದು ಮಂಗಳೂರಿನಲ್ಲಿಯೇ ಮೊಳೆಯ ಅಚ್ಚು ನೆಲೆಗೊಂಡಿತು. ಕಲ್ಲಚ್ಚಿನ ಯುಗ ಅಲ್ಲಿಗೆ ಮುಗಿಯುತ್ತ ಬಂದಿತು. ಅಷ್ಟರಲ್ಲಿ ಮೊಗ್ಲಿಂಗರೂ ಮಂಗಳೂರನ್ನು ಬಿಟ್ಟು ಕೊಡಗಿನ ಕಡೆಗೆ ಹೊರಟಿದ್ದರು. ಅಲ್ಲಿಯ ಅವರ ಕೆಲಸ, ಆನಂದಪುರದ ನೆಲಸುನಾಡು, ಕೊಡಗನ್ನು ಕುರಿತು 1855ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಪುಸ್ತಕ ಇವು ಬೇರೆಯೇ ಲೇಖನಕ್ಕೆ ವಸ್ತುಗಳು. ಜತೆಗಾರ ವೈಗ್ಲೆಯವರು 1855ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲೀನರನ್ನು ಮೊಗ್ಲಿಂಗರು ಮುಂದೆ ವರಿಸಿದರು. ಕನ್ನಡ ಸಾಹಿತ್ಯಸೇವೆಯನ್ನು ಮನ್ನಿಸಿ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು.

1860ರಲ್ಲಿ ಅವರು ಭಾರತವನ್ನು ಬಿಟ್ಟರು. ಇಪ್ಪತ್ತನಾಲ್ಕು ವರ್ಷಗಳ ಬಳಿಕ ಸ್ವದೇಶಕ್ಕೆ ಮರಳಿದವರಿಗೆ ಕನ್ನಡ ಬಿಟ್ಟುಹೋಗಲಿಲ್ಲ. ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಂಗಳೂರಿನ ಕಲ್ಲಿನ ಮೇಲೆ ಕನ್ನಡ ಲಿಪಿಯಲ್ಲಿ ಮೂಡಿದ್ದ ಪದಗಳು ಹೀಗೆ ಜರ್ಮನಿಯಲ್ಲಿ ರೋಮನ್ ಮೊಳೆಗಳಲ್ಲಿ ನಿಂತವು. ಕನ್ನಡಕ್ಕೊಂದು ದೊಡ್ಡ ನಿಘಂಟು ಆಗಬೇಕೆಂದು ಸರಕಾರದ ಬಳಿಯೂ ಮಿಶನ್ನಿನ ಬಳಿಯೂ ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. ಆ ಭಾರ 1853ರಲ್ಲಿ ಇಲ್ಲಿಗೆ ಬಂದಿದ್ದ ಫರ್ಡಿನಂಡ್ ಕಿಟ್ಟೆಲರ ಹೆಗಲಿಗೆ ಬಿತ್ತು.

ಮೊಗ್ಲಿಂಗರು 1881ನೆಯ ಇಸವಿ ಮೇ 10ರಂದು ಎಸ್ಲಿಂಗನ್ ಪಟ್ಟಣದಲ್ಲಿ ತೀರಿಕೊಂಡರು. ಆಗ ಅವರಿಗೆ ಎಪ್ಪತ್ತು ತುಂಬಲು ಹತ್ತೊಂಬತ್ತು ದಿನಗಳು ಉಳಿದಿದ್ದವು. ಕಿಟ್ಟೆಲರ ನಿಘಂಟನ್ನು ಅವರು ನೋಡಲಿಲ್ಲ. ಅದು ಹೊರಬಂದದ್ದು 1894ರಲ್ಲಿ, ಸುಮಾರು 70,000 ಶಬ್ದಗಳೊಡನೆ, ವೈಗ್ಲೆಯವರ ಕಲ್ಲಚ್ಚಿನ ಯಂತ್ರ ಬಂದಿಳಿದಿದ್ದ ಅದೇ ಮಂಗಳೂರಿನಿಂದ.